ಬೀರಪ್ಪ ಕಾಕಾ ಮುಚ್ಚಿದ ಸಂದಿಗಳು

ಬೀರಪ್ಪ ಕಾಕಾ ಯಾರ ಮನೆಗೆ ಹೋದರೂ ಮೊದಲು ಊದಿನಕಡ್ಡಿ ಹಚ್ಚುತ್ತಿದ್ದರು. ದೇವರಿಗಲ್ಲ, ಬಾಗಿಲಿಗೆ. ಚೌಕಟ್ಟಿನ ಗುಂಟ ಕಡ್ಡಿಯನ್ನು ಮೆಲ್ಲಗೆ ಒಯ್ಯುತ್ತ, ಹೊರಗಿನ ಗಾಳಿಗೆ ಹೊಗೆ ಎಲ್ಲಿ ಅಲುಗಿತೋ ಅಲ್ಲಿ ಸುಣ್ಣದ ಚುಕ್ಕೆ ಇಡುತ್ತಿದ್ದರು. "ನೋಡ್ರಿ, ಕಳ್ಳ ಇಲ್ಲಿಂದ ಬರಾಕತ್ತಾನ" ಎನ್ನುವಾಗ ಅವರ ಮುಖದಲ್ಲಿ ಪೊಲೀಸರಿಗೂ ಇಲ್ಲದ ಸಂತೋಷ.

ಗೋಕಾಕ ಫಾಲ್ಸ್‌ನಲ್ಲಿ ಗಿರಣಿಯ ನೂಲುವ ಖಾತೆಯಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಹೊರಗಿನ ಒಣಗಾಳಿ ನುಗ್ಗಿದರೆ ಎಳೆ ಹರಿಯುತ್ತಿತ್ತು. ಸಂದಿ ಕಾಯುವುದು ಹಾಗೆ ರೂಢಿಯಾಗಿತ್ತು. ಮನೆತನ ಕುರಿ ಸಾಕುವವರದು. ಅರಭಾವಿಯ ಕಡೆಯ ಅಣ್ಣತಮ್ಮಂದಿರ ಉಣ್ಣೆ ಕೇಳುವವರಿಲ್ಲದೆ ಬಿದ್ದಿರುತ್ತಿತ್ತು. ಅದನ್ನು ತೊಳೆದು, ಒಣಗಿದ ಬೇವಿನೆಲೆ ಬೆರೆಸಿ, ಗೋಣಿತಟ್ಟಿನಲ್ಲಿ ತುಂಬಿ ಹೊಲಿದು ಬಿಸಿಲು-ಚಳಿ ಇಳಿಯದಂತೆ ತಗಡಿನ ಮಾಡಿನ ಕೆಳಗೆ ಬಿಗಿಯುತ್ತಿದ್ದರು. ಬಾಗಿಲಿಗೆ ಹಳೆಯ ಕಂಬಳಿಯ ಪಟ್ಟಿ. ಮೂಡಲಗಿಯ ಬಟ್ಟೆ ಅಂಗಡಿಯವರೊಬ್ಬರು ಎರಡನೆಯ ಏಸಿ ತರಲು ಹೊರಟಾಗ, ಕರೆಯದಿದ್ದರೂ ಹೋಗಿ ಸಂದಿ ಮುಚ್ಚಿ ಬಂದಿದ್ದರು; ಎರಡನೆಯದು ಬೇಕಾಗಲೇ ಇಲ್ಲ. "ಏಸಿ ಮಾರಾಂವ ನನ್ನ ಕಂಡ್ರ ರಸ್ತೆ ದಾಟ್ತಾನ" ಎಂದು ನಗುತ್ತಿದ್ದರು.

ನನ್ನ ಬಾಣಂತನ ಹುಕ್ಕೇರಿಯ ತವರುಮನೆಯಲ್ಲಿ, ತಗಡಿನ ಮಾಡಿನ ಖೋಲಿಯೊಂದರಲ್ಲಿ. ಚಳಿಗಾಲ. ಶಾಲೆಯ ಮಾಸ್ತರರಾಗಿದ್ದ ಅಪ್ಪ ಹಗಲೆಲ್ಲ ಹೀಟರ್ ಹಚ್ಚಿಡುತ್ತಿದ್ದರು, ಅವ್ವ ದಿನಾ ನನ್ನ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದಳು, ಆದರೂ ಕೂಸಿನ ಕಾಲು ತಣ್ಣಗೆ. ಕೂಸನ್ನು ನೋಡಲು ಬಂದ, ಅಪ್ಪನ ಹಳೆಯ ಗೆಳೆಯರಾದ ಕಾಕಾ, "ಏನ್ರಿ ಮಾಸ್ತರ, ಕರೆಂಟ್ ಸುಟ್ಟು ಓಣಿ ಕಾಸಾಕತ್ತೀರಿ?" ಎಂದು ಎರಡು ದಿನ ಕೂತು ಖೋಲಿ ಭದ್ರ ಮಾಡಿದರು. ಹೀಟರ್ ಬಂದ್ ಆಯಿತು, ಖೋಲಿ ನಿಜಕ್ಕೂ ಬೆಚ್ಚಗಾಯಿತು. ಹೋಗುವಾಗ ನನ್ನೊಬ್ಬಳಿಗೇ ಹೇಳಿದರು: "ಇನ್ನ ಹೊರಸಿನ ಕೆಳಗ ಕೆಂಡ ಇಡಸಬ್ಯಾಡವ್ವ. ಹೊಗಿ ಹೋಗಾಕ ಹಾದಿ ಉಳಿದಿಲ್ಲ. ನಿಮ್ಮವ್ವಗ ಮರೀದ ಹೇಳು."

ಹೂಂ ಎಂದೆ. ಮರುದಿನ ನಾನು ನೀರೆರೆದುಕೊಂಡು ಬಂದಾಗ ಅವ್ವ ಎಂದಿನಂತೆ ಅಗ್ಗಿಷ್ಟಿಕೆ ತಂದು ಹೊರಸಿನ ಕೆಳಗೆ ಸರಿಸಿದಳು. ಹೇಳಬೇಕೆಂದುಕೊಂಡೆ. ಮೈಗೆ ಹಿತವಾಗಿತ್ತು, ನಿದ್ದೆ ಎಳೆಯುತ್ತಿತ್ತು. ಒಂದು ಸಲಕ್ಕೆ ಏನಾಗುತ್ತದೆ ಎಂದು ಸುಮ್ಮನಾದೆ. ಅವ್ವ ಗಂಜಿ ತಂದು ಬಾಗಿಲು ತೆರೆದಾಗ ನನಗೆ ಎಚ್ಚರವಿರಲಿಲ್ಲ, ಕೂಸು ಅಲುಗಿಸಿದರೂ ಅಳಲಿಲ್ಲವಂತೆ. ಇಬ್ಬರನ್ನೂ ಅಂಗಳದ ಗಾಳಿಗೆ ಹೊತ್ತು ತಂದು, ಅಲ್ಲಿಂದ ದವಾಖಾನೆಗೆ ಒಯ್ದರು. ಸಂಜೆ ಕೂಸು ಜೋರಾಗಿ ಅತ್ತಾಗ ನಾನೂ ಅತ್ತೆ.

ಸುದ್ದಿ ಕೇಳಿ ಓಡಿಬಂದ ಕಾಕಾನ ಮೇಲೆ ಅಪ್ಪ ಹರಿಹಾಯ್ದರು. "ಊರಾಗಿನ ಬಾಣಂತ್ಯಾರೆಲ್ಲ ಕೆಂಡ ಕಾಸ್ಕೊಂಡಾರ, ಯಾರಿಗೂ ಏನೂ ಆಗಿಲ್ಲ. ನೀ ಖೋಲಿ ಮುಚ್ಚಿದಿ. ಹಿಂಗಾಕ್ಕೈತಿ ಅಂತ ಒಂದು ಮಾತು ಹೇಳಬಾರದಿತ್ತೇನೋ ಬೀರಪ್ಪಾ?"

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. ನಾನು ಕೂಸಿನ ತಲೆಯ ಕುಂಚಿಗೆ ಸರಿಪಡಿಸುತ್ತ ಕೂತೆ. ಅವ್ವ-ಅಪ್ಪ ಏನೆಂದಾರೋ ಎಂಬ ಹೆದರಿಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ತಪ್ಪಾತ್ರಿ ಮಾಸ್ತರ" ಎಂದರು ಕಾಕಾ.

ಅಂದಿನಿಂದ ಅವರು ಯಾರ ಮನೆಯ ಕೆಲಸ ಹಿಡಿದರೂ ಮೊದಲು ಗೋಡೆಯ ಮೇಲ್ಭಾಗದಲ್ಲಿ ಅಂಗೈ ಅಗಲದ ಕಿಂಡಿ ಕೊರೆಸುತ್ತಿದ್ದರಂತೆ. ನಮ್ಮ ಮನೆಗೆ ಮಾತ್ರ ಮತ್ತೆ ಬರಲಿಲ್ಲ.

ಕಳೆದ ವರ್ಷ ಗೋಕಾಕ ಫಾಲ್ಸ್‌ಗೆ ಹೋಗಿ ಅವರನ್ನು ಕಂಡೆ. ಹಾಸಿಗೆ ಹಿಡಿದಿದ್ದರು. "ಕೂಸು ಈಗ ಎಷ್ಟನೇ ಇಯತ್ತೆ?" ಎಂದು ಕೇಳಿದರು. ಐದನೆಯ ಕ್ಲಾಸು ಎಂದೆ. ತಡೆಯಲಾಗಲಿಲ್ಲ: "ಅವತ್ತ ಯಾಕ ಹೇಳಲಿಲ್ರಿ ಕಾಕಾ, ಕೆಂಡದ ಮಾತು ಆಕಿಗೆ ಹೇಳಿದ್ದೆ ಅಂತ?"

"ನೀ ಹಸಿ ಬಾಣಂತಿ ಇದ್ದೆವ್ವ. ಮಾಸ್ತರ ಸಿಟ್ಟು ಯಾರ ಮ್ಯಾಲರ ಬೀಳಬೇಕಿತ್ತು. ನಾ ತಡಕೋತಿದ್ದೆ."

ಎರಡು ತಿಂಗಳಿಗೆ ಹೋಗಿಬಿಟ್ಟರು. ಅಪ್ಪ ಮಣ್ಣು ಕೊಡಲಿಕ್ಕೂ ಬರಲಿಲ್ಲ. ನಾನು ಮಣ್ಣಿನಿಂದ ಹಿಂತಿರುಗಿ, ಸ್ನಾನ ಮಾಡಿ, ಅಪ್ಪನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹತ್ತು ವರ್ಷ ಅಂವನ್ನ ಒಂದು ಕಪ್ ಚಾಕ್ಕೂ ಕರೀಲಿಲ್ಲಲ್ಲವ್ವಾ ನಾ" ಎಂದರು.