ಮೆಟ್ಟಿಲ ಕಂಬಿಯ ಕೊನೆಯ ತುಂಡು

ವೆಲ್ಡಿಂಗ್ ರಾಡು ಸುಡುವ ವಾಸನೆ ಯಾರಿಗೂ ಹಿಡಿಸುವಂಥದ್ದಲ್ಲ. ಮೊನ್ನೆ ಚೆನ್ನೈನ ಗಿಂಡಿಯ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದಾಗ ನಾನು ಕಣ್ಣು ಒರೆಸಿಕೊಂಡೆ. ಹೊಗೆ ತಾಗಿತೆಂದುಕೊಂಡ ಅಂಗಡಿಯವನು ಫ್ಯಾನನ್ನು ನನ್ನ ಕಡೆ ತಿರುಗಿಸಿದ. ತಾರಸಿಯ ಹೂಕುಂಡಗಳಿಗೆ ಒಂದು ಸ್ಟ್ಯಾಂಡು ಮಾಡಿಕೊಳ್ಳೋಣವೆಂದು ಅಗ್ಗದ ಇನ್ವರ್ಟರ್ ವೆಲ್ಡಿಂಗ್ ಮಷೀನು ನೋಡಲು ಹೋದವಳಿಗೆ ಎದುರುಮನೆಯ ಮಾಮ ನೆನಪಾಗಿದ್ದರು...

ಮೈಸೂರಿನಿಂದ ಬಂದು ಮೈಲಾಪೂರಿನ ಹಳೆಯ ಫ್ಲ್ಯಾಟಿನ ಎರಡನೆಯ ಮಹಡಿ ಸೇರಿದಾಗ ಕನ್ನಡದವರೆಂದು ನನಗೆ ಸಿಕ್ಕಿದ್ದು ಮಾಮ ಮತ್ತು ಮಾಮಿ ಇಬ್ಬರೇ. ಅವರ ಮನೆತನ ಮದರಾಸಿಗೆ ಬಂದು ತಲೆಮಾರುಗಳಾಗಿದ್ದವು. ಅವರ ಕನ್ನಡದಲ್ಲಿ ಅರ್ಧ ತಮಿಳು. ನನ್ನದು ಅವರಿಗೆ ರೇಡಿಯೋ ವಾರ್ತೆ. ಮಾಮ ವಿಮೆ ಕಚೇರಿಯಲ್ಲಿ ಫೈಲು ತಿರುವಿ ನಿವೃತ್ತರಾದವರು, ಗೋಡೆಗೆ ಒಂದು ಮೊಳೆ ಹೊಡೆದವರೂ ಅಲ್ಲ.

ಮಾಮಿಗೆ ಮಂಡಿನೋವು. ಕಟ್ಟಡಕ್ಕೆ ಲಿಫ್ಟಿಲ್ಲ. ಮೆಟ್ಟಿಲ ಪಕ್ಕ ಕೈಯಾಸರೆಗಿದ್ದ ಮರದ ಕಂಬಿಯನ್ನು ಗೆದ್ದಲು ತಿಂದು, ಅದನ್ನು ಕಿತ್ತುಹಾಕಿದ ಮೇಲೆ ಮಾಮಿ ಕೆಳಗಿಳಿಯುವುದನ್ನೇ ಬಿಟ್ಟರು. ಹೂವು, ತರಕಾರಿ ಎಲ್ಲ ಬಾಲ್ಕನಿಯಿಂದ ಇಳಿಬಿಟ್ಟ ಬುಟ್ಟಿಯಲ್ಲೇ ಮೇಲೆ ಬರುತ್ತಿದ್ದವು. ಕಬ್ಬಿಣದ ಕಂಬಿ ಹಾಕಿಕೊಡಿ ಎಂದರೆ ಗ್ರಿಲ್ ಕೆಲಸದವರು ಇಷ್ಟು ಚಿಕ್ಕ ಕೆಲಸಕ್ಕಾ ಎಂದು ಮೂಗು ಮುರಿದು, ನಾಳೆ ನಾಡಿದ್ದು ಎಂದು ಸತಾಯಿಸಿದರು. ಒಂದು ದಿನ ಮಾಮ ನಮ್ಮ ಬಾಗಿಲಿಗೆ ಬಂದು, "ನಾನೇ ವೆಲ್ಡ್ ಪಣ್ಣಿಬಿಡ್ತೀನಮ್ಮಾ. ಒಂದು ಮಷೀನ್ ಮಾತ್ರ ನೋಡಿಕೊಡಿ" ಎಂದರು.

ಎಲೆಕ್ಟ್ರಿಕಲ್ ಓದಿದವಳೆಂಬ ಒಂದೇ ಕಾರಣಕ್ಕೆ ನಾನು ಸಲಹೆಗಾರಳಾದೆ. ಅಗ್ಗದ ಮಷೀನುಗಳ ಮೇಲೆ ಬರೆದ ಆಂಪಿಯರ್ ಎಲ್ಲ ಬರೀ ಬಡಾಯಿ. ಮೆಟ್ಟಿಲ ಪೈಪಿಗೆ ಅಷ್ಟು ಬೇಕಾಗಿಯೂ ಇಲ್ಲ. ನಮ್ಮ ಕಟ್ಟಡದಲ್ಲಿ ಎಸಿಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜು ಬೀಳುತ್ತದೆ, ಆಗಲೂ ರಾಡು ಅಂಟಿಕೊಳ್ಳದೆ ಉರಿಯಬೇಕು. ರಿಪೇರಿಗೆ ಊರಲ್ಲೇ ಯಾರಾದರೂ ಇರಬೇಕು. ಇಷ್ಟು ಹೇಳಿದರೂ ಮಾಮನಿಗೆ ಸಮಾಧಾನವಿಲ್ಲ. ಪಲ್ಲಾವರಂ ಸಂತೆಗೆ ಹೋಗಿ ಹಳೆಯ ಮಷೀನುಗಳನ್ನೂ ಎತ್ತಿ ಇಳಿಸಿ ಬಂದರು.

"ನನ್ನ ನೋಡೋಕೆ ಬಂದಾಗ ಕಾಫಿ ಆರೋದ್ರೊಳಗೆ ಶರಿ ಅಂದುಬಿಟ್ರು," ಮಾಮಿ ಹೇಳಿದರು. "ಈ ಯಂತ್ರಕ್ಕೆ ಆಡಿ ಮಾಸವೇ, ಅದೇ ನಿಮ್ಮ ಆಷಾಢವೇ, ಮುಗೀತು."

ಕೊನೆಗೆ ಬಂದದ್ದು ತಿಂಡಿ ಡಬ್ಬಿಯಷ್ಟು ಪುಟ್ಟ ಮಷೀನು. ಮಾಮನ ಮೊದಲ ಬೆಸುಗೆಗಳು ಕಾಗೆ ಹಿಕ್ಕೆ ಹಾಕಿದ ಹಾಗಿದ್ದವು. ಸುಟ್ಟ ರಾಡಿನ ವಾಸನೆ ನಮ್ಮ ಸಾಂಬಾರಿಗೂ ಹತ್ತುತ್ತಿತ್ತು. ಆದರೆ ಬರಬರುತ್ತ ಕೈ ಕುದುರಿತು. ಪ್ರತಿ ಬೆಸುಗೆಯನ್ನೂ ಉಜ್ಜಿ, ಮಾಮಿಯ ಕೈಗೆ ತರಚಬಾರದೆಂದು ತಮ್ಮ ಅಂಗೈ ಸವರಿ ನೋಡುತ್ತಿದ್ದರು. ಹೀಗೆ ಮೇಲಿನಿಂದ ಶುರುವಾದ ಕಂಬಿ ನವರಾತ್ರಿಯ ಹೊತ್ತಿಗೆ ಕೆಳಗಿನ ತಿರುವಿನವರೆಗೆ ಇಳಿದಿತ್ತು. ಒಂದೇ ಒಂದು ತುಂಡು ಬಾಕಿ.

ಆಯುಧಪೂಜೆಯ ಬೆಳಿಗ್ಗೆ ಮಾಮ ಅದನ್ನೂ ಮುಗಿಸಲು ಹೊರಟರು. ಮಾಮಿ ಮಷೀನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿಬಿಟ್ಟಿದ್ದರು. "ಪೂಜೆಗಿಟ್ಟ ಆಯುಧ ಇವತ್ತು ಮುಟ್ಟಕೂಡದು. ನಾಳೆ ವಿಜಯದಶಮಿ, ನಾಳೆ ಎತ್ತಿಕೊಳ್ಳಿ."

ಒಂದು ದಿನ ತಾನೇ ಎಂದು ಮಾಮ ಸುಮ್ಮನಾದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಸಂಜೆ ಕೆಳಗಿನ ಮನೆಯಲ್ಲಿ ಗೊಂಬೆ ಕೂರಿಸಿದ್ದರು, ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಮಾಮ ಹೂವು ತರಲು ಹೋಗಿದ್ದಾಗ ಮಾಮಿ ರೇಷ್ಮೆಸೀರೆ ಉಟ್ಟು ಒಬ್ಬರೇ ಹೊರಟರು. ಕಂಬಿ ಬಂತಲ್ಲ ಎಂಬ ಧೈರ್ಯ. ಮಿಕ್ಕ ನಾಲ್ಕು ಮೆಟ್ಟಿಲಿಗೆ ಗೋಡೆ ಸಾಕು ಅಂದುಕೊಂಡಿದ್ದರೋ ಏನೋ... ಸದ್ದು ಕೇಳಿ ಓಡಿದವಳು ನಾನು. ಕಂಬಿ ಮುಗಿಯುವ ಕಡೆಯೇ ಅವರು ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು.

ಮರುದಿನ ಆಸ್ಪತ್ರೆಯಲ್ಲಿ ಮಾಮಿ ಹೇಳಿದ್ದು ಒಂದೇ ಮಾತು. "ಇವತ್ತು ಆಯುಧ ಎತ್ತಬೇಕು. ಹೋಗಿ ಆ ತುಂಡು ಮುಗಿಸಿ ಬನ್ನಿ. ನಾನು ಬರೋವಾಗ ಬೇಕು."

ಮಾಮ ಬಂದರು. ಮಷೀನಿನ ಮೇಲೆ ಕುಂಕುಮ ಹಾಗೇ ಇತ್ತು. ಪೈಪು ಹಿಡಿದುಕೊಂಡವಳು ನಾನೇ. ರಾಡು ಮತ್ತೆ ಮತ್ತೆ ಅಂಟಿಕೊಂಡಿತು. ಹೇಗೋ ಕೂಡಿಸಿ, ಉಜ್ಜದೆ, ಮಷೀನನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದರು. ಮಾಮಿ ಮನೆಗೆ ಬರಲಿಲ್ಲ, ಆಸ್ಪತ್ರೆಯಲ್ಲೇ ಹೋಗಿಬಿಟ್ಟರು. ನನಗಂತೂ ಬಹಳ ದಿನ ದೇವರ ಮೇಲೆ ಕೋಪವಿತ್ತು. ಮಾಮ ಮಾತ್ರ ಯಾರನ್ನೂ ಬೈಯಲಿಲ್ಲ. ಮಗಳ ಮನೆಗೆ ಹೋದವರು ಈ ಬೇಸಿಗೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು.

ಗಿಂಡಿಯ ಅಂಗಡಿಯವನು ಮಷೀನು ಕಟ್ಟಿಕೊಡುತ್ತ, ಆಯುಧಪೂಜೆ ಬರುತ್ತಿದೆ, ಪೂಜೆಗಿಟ್ಟು ಶುರು ಮಾಡಿ ಎಂದು ತಮಿಳಿನಲ್ಲಿ ಹೇಳಿದ. ನಾನು ದುಡ್ಡು ಎಣಿಸಿ ಕೊಟ್ಟು ಹೊರಟೆ.

ಎದುರುಮನೆಗೆ ಬಂದ ಹೊಸಬರು, ಕೆಳಗಿನ ಕಂಬಿಯ ಬೆಸುಗೆ ಕೈಗೆ ತರಚುತ್ತದೆ, ಯಾರಿಂದಾದರೂ ಉಜ್ಜಿಸಬಾರದೇ ಎಂದು ಕೇಳುತ್ತಲೇ ಇರುತ್ತಾರೆ. ನನಗೆ ಮನಸ್ಸಾಗುವುದಿಲ್ಲ. ಇಳಿಯುವಾಗಲೆಲ್ಲ ಆ ಒರಟಿನ ಮೇಲೆ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಅದು ಯಾರಿಗಾಗಿ ಆಯಿತೋ ಅವರು ಅದನ್ನು ಒಂದು ಸಲವೂ ಹಿಡಿಯಲಿಲ್ಲ.