ಸೈಕಲ್ಲಿಗೆ ಬಗ್ಗದ ನಿಂಬೆಹಣ್ಣು

ಗೆಳೆಯರೇ, ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ಬೀದಿಯ ಗಣೇಶನ ಗುಡಿ ಮುಂದೆ ಎರಡು ನಿಂಬೆಹಣ್ಣು ಸೇರಿ ನನ್ನ ಮಾನ ತೆಗೆದವು.

ಭಾನುವಾರ ನಾವು ನಾಲ್ವರು ಟೀಚರುಗಳು ಸೈಕಲ್ಲಿನಲ್ಲಿ ಮೈಸೂರಿಗೆ ಹೊರಟಿದ್ದೇವೆ. ಮೂರು ತಿಂಗಳಿಂದ ಅಭ್ಯಾಸ ನಡೆದಿದೆ. ಐವತ್ತೆರಡು ವರ್ಷಕ್ಕೆ ಇದೆಲ್ಲ ಬೇಕಾ ಎಂದು ಮೂರು ತಿಂಗಳಿಂದಲೂ ನಮ್ಮ ಅತ್ತೆಯವರ ಮುಖ ಊದಿಕೊಂಡಿದೆ. ನಿನ್ನೆ ಇದ್ದಕ್ಕಿದ್ದಂತೆ, "ಪೂಜೆ ಮಾಡಿಸ್ದೆ ಗಾಡಿ ಊರಾಚೆ ಹೋಗಕೂಡ್ದು" ಅಂದರು. ಒಪ್ಪಿಕೊಂಡೆ.

ಅರ್ಚಕರು ಹ್ಯಾಂಡಲ್ಲಿಗೆ ಹೂವು ಸುತ್ತಿ, ಕುಂಕುಮವಿಟ್ಟು, ಎರಡು ಚಕ್ರಗಳ ಮುಂದೂ ಒಂದೊಂದು ನಿಂಬೆಹಣ್ಣು ಇಟ್ಟರು. "ನಿಧಾನಕ್ಕೆ ಮುಂದೆ ತಗೊಳ್ಳಿ."

ತಳ್ಳಿದೆ. ಬೆರಳಗಲದ ಟಯರಿಗೆ ಹಣ್ಣು ಜಾರಿ ಪಕ್ಕಕ್ಕೆ ಹೋಯಿತು. ಮತ್ತೆ ಇಟ್ಟರು. ಈ ಸಲ ಹತ್ತಿ ಕೂತು ತುಳಿದೆ. ಹಣ್ಣುಗಳು ಉರುಳಿ ಗುಡಿಯ ಮೆಟ್ಟಿಲ ಹತ್ತಿರ ಹಾಯಾಗಿ ನಿಂತವು. ಪೂಜೆಗೆ ಕಾದಿದ್ದ ಕಾರಿನವರು ಹಾರ್ನ್ ಹೊಡೆದರು.

"ಕಾರಿಗಿಡೋ ಹಣ್ಣನ್ನೇ ಇಟ್ಟಿದೀನಮ್ಮ. ನಿಮ್ಮ ಗಾಡೀಲೇ ತೂಕ ಇಲ್ಲ," ಎಂದು ಅರ್ಚಕರು ಕೈಚೆಲ್ಲಿದರು.

ಅಪಶಕುನ ಅಂತ ಅತ್ತೆ ಈಗ ಪ್ರಯಾಣವನ್ನೇ ನಿಲ್ಲಿಸುತ್ತಾರೆ ಎಂದು ನಾನು ಕಾದೆ. ಅವರು ಮೆಲ್ಲಗೆ ಬಗ್ಗಿ ಎರಡೂ ಹಣ್ಣು ಎತ್ತಿ, ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

"ಒಡೀಲಿಲ್ವಲ್ಲ, ಒಳ್ಳೇದೇ ಆಯ್ತು. ಚೀಲಕ್ಕೆ ಹಾಕ್ಕೊ. ಮದ್ದೂರಲ್ಲಿ ಸುಸ್ತಾದ್ರೆ ಶರಬತ್ತು ಮಾಡ್ಕೊಂಡು ಕುಡಿ. ಉಪ್ಪು, ಸಕ್ಕರೆ ನಾನು ಕಟ್ಕೊಡ್ತೀನಿ."

ಅಂದರೆ ನಾನು ಮದ್ದೂರು ತಲುಪುವುದರಲ್ಲಿ ಅತ್ತೆಯವರಿಗೆ ಅನುಮಾನವಿಲ್ಲ. ಅಲ್ಲಿಂದಾಚೆಗೆ ನಾನು ನೋಡಿಕೊಳ್ಳುತ್ತೇನೆ.