ಮುಚ್ಚಿಸಿದ ಗುಂಡಿಗೆ ಸಿಕ್ಕ ಅಂಕ

"ಮೇಸ್ತ್ರಿ, ಇಲ್ಲಿ ಮಣ್ಣು ಯಾಕ್ರೀ ಇಷ್ಟು ಹಸಿ ಐತೆ?" ಎಂದು ಕಟ್ಟಡ ಪರೀಕ್ಷಿಸಲು ಬಂದಿದ್ದ ಹೊನ್ನಾಳಿ ಕಡೆಯ ಇಂಜಿನಿಯರ್ ಮೇಡಂ ಕೇಳಿದರು. ಜಗಳೂರು ಹತ್ತಿರ ನಾವು ಕಟ್ಟುತ್ತಿದ್ದ ಹಾಸ್ಟೆಲಿಗೆ ಪರಿಸರಸ್ನೇಹಿ ಕಟ್ಟಡವೆಂಬ ಪ್ರಮಾಣಪತ್ರ ಬೇಕಿತ್ತು. ಅಂಕ ಕೊಡುವ ಪದ್ಧತಿಗಳು ಎರಡು. ಒಂದು, ಕಟ್ಟಡ ಮುಗಿದ ಮೇಲೆ ಉಳಿತಾಯವಾಗುವ ನೀರು, ಕರೆಂಟನ್ನಷ್ಟೇ ನೋಡುತ್ತದೆ. ಇನ್ನೊಂದು, ಕಟ್ಟುವಾಗ ಉಳಿಸಿದ ನೀರಿಗೂ ಅಂಕ ಕೊಡುತ್ತದೆ. ಅಲ್ಲಿಯವರೆಗೆ ಬರೆದುಕೊಟ್ಟ ಲೆಕ್ಕದಲ್ಲಿ ಎರಡರಲ್ಲೂ ನಮಗೆ ಅಂಕ ಸಾಲುತ್ತಿರಲಿಲ್ಲ.

ಸಿಮೆಂಟು ಗಟ್ಟಿಯಾಗಲೆಂದು ಗೋಡೆಗೆ ಹೊಡೆದ ನೀರು ಹರಿದು ಬಂದು ನಿಲ್ಲಲೆಂದು ನಾನೊಂದು ಗುಂಡಿ ತೋಡಿಸಿದ್ದೆ. ಅದೇ ನೀರನ್ನು ಮತ್ತೆ ಗೋಡೆಗೆ ಹೊಡೆಸುತ್ತಿದ್ದೆ. ನಮ್ಮ ಸೀಮೆಯಲ್ಲಿ ನೀರು ಚೆಲ್ಲುವ ಮೇಸ್ತ್ರಿಯನ್ನು ಯಾರೂ ಎರಡನೇ ಸಲ ಕರೆಯುವುದಿಲ್ಲ.

"ನೀವು ಬರ್ತೀರಿ, ಕೆಸರು ಕಾಣಬಾರ್ದು ಅಂತ ಗೋಡೆ ನೀರು ಹಿಡಿದು ಮತ್ತೆ ಬಳಸೋ ಗುಂಡೀನ ಬೆಳಿಗ್ಗೆ ಮುಚ್ಚಿಸಿಬಿಟ್ಟೆ ಮೇಡಂ," ಎಂದೆ.

"ನೀರು ಹೆಂಗ್ ಉಳಿಸ್ತೀರಿ ಅಂತ ನೋಡಾಕೆ ನಾನು ಬಂದ್ರೆ, ಅದನ್ನೇ ಮುಚ್ಚಿಸೀರಲ್ರೀ! ಸಲಿಕೆ ಕೊಡ್ರಿ ಇಲ್ಲಿ," ಎಂದು ನಕ್ಕರು. ಚಪ್ಪಲಿ ಬಿಟ್ಟು ತಾವೇ ಮಣ್ಣು ತೆಗೆಯತೊಡಗಿದರು. ನಾನೂ ಕೈ ಹಾಕಿದೆ. ಗುಂಡಿ ತೆರೆದ ಮೇಲೆ ಅಳತೆ ಹಿಡಿದು, ಎರಡನೇ ಪದ್ಧತಿಯನ್ನೇ ಆರಿಸಿದರು. ವರದಿಯಲ್ಲಿ ನೀರು ಉಳಿಸಿದ ಉಪಾಯ ಯಾರದೆಂಬ ಕಡೆ ನನ್ನ ಹೆಸರು ಬರೆದರು. ಗುಂಡಿಯ ಅಂಕ ಸೇರಿ ಪ್ರಮಾಣಪತ್ರವೂ ಬಂತು.

ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಅಷ್ಟು ಓದಿದವರು ಸಲಿಕೆ ಹಿಡಿದು ನನ್ನ ಕೆಲಸಕ್ಕೆ ಬೆಲೆ ಕೊಟ್ಟಿದ್ದು ಮರೆಯಲಾರೆ. ಈಗ ಸೈಟಿಗೆ ಯಾರೇ ಬರಲಿ, ಮೊದಲು ಗುಂಡಿಯನ್ನೇ ತೋರಿಸುತ್ತೇನೆ.